ಅವಳು ಬಂದರೆ ನಿಲ್ಲುವ ರೇಡಿಯೊ

ಆ ವಾರ ನಾಲ್ಕನೆಯ ಸಲ ಹಾಗಾಯಿತು. ಅವಳು ಬಾಗಿಲು ತಳ್ಳಿ ಒಳಗೆ ಕಾಲಿಟ್ಟದ್ದೇ ತಡ, ಪ್ಯಾಕಿಂಗ್ ಮೇಜಿನ ಮೇಲಿನ ರೇಡಿಯೊ ಪಟ್ಟನೆ ನಿಂತಿತು. ನಗುತ್ತಿದ್ದ ಮೂವರು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು, ಕಪ್‌ಗಳಿಗೆ ಕಾಗದ ಸುತ್ತತೊಡಗಿದರು.

ಆ ಪಿಂಗಾಣಿ ಕಾರ್ಖಾನೆಯಲ್ಲಿ ಅವಳದು ಬಡಿದು ನೋಡುವ ಕೆಲಸ. ಭಟ್ಟಿಯಿಂದ ಬಂದ ಪ್ರತಿ ಕಪ್ಪಿನ ಹಿಡಿಗೆ ಬೆರಳು ತೂರಿಸಿ ಎತ್ತಿ, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಬೇಕು. ಕಪ್ಪು ಗಟ್ಟಿಯಿದ್ದರೆ ನಾದ ಸ್ವಲ್ಪ ಹೊತ್ತು ಉಳಿಯುತ್ತದೆ; ಕಣ್ಣಿಗೆ ಕಾಣದ ಬಿರುಕಿದ್ದರೆ ಹುಟ್ಟಿದಲ್ಲೇ ಸಾಯುತ್ತದೆ. ಒಂಬತ್ತು ವರ್ಷದಲ್ಲಿ ಅವಳ ಮೇಜು ದಾಟಿದ ಒಂದು ಪೆಟ್ಟಿಗೆಯೂ ವಾಪಸ್ ಬಂದಿರಲಿಲ್ಲ. ಆದರೂ ತಪಾಸಣೆಯ ಮುಖ್ಯಸ್ಥರ ಜಾಗ ಎರಡು ಸಲ ಬೇರೆಯವರ ಪಾಲಾಗಿತ್ತು. ಎರಡು ಸಲವೂ ಮ್ಯಾನೇಜರ್ ಅವಳ ವರದಿಯಲ್ಲಿ ಬರೆದದ್ದು ಒಂದೇ ಸಾಲು: ‘ಜನರೊಂದಿಗೆ ಬೆರೆಯುವುದಿಲ್ಲ.’ ಈಗ ಆ ಜಾಗ ಮತ್ತೆ ಖಾಲಿಯಾಗಿತ್ತು.

ಆರು ವಾರದ ಹಿಂದೆ ಅವಳು ಮ್ಯಾನೇಜರಿಗೆ ವೈದ್ಯರ ಪತ್ರ ಕೊಟ್ಟಿದ್ದಳು. ಅವಳಿಗೆ ಆಟಿಸಂ ಇದೆ, ಜೊತೆಗೆ ಆತಂಕದ ತೊಂದರೆಯೂ ಇದೆ. ಕೆಲಸದಲ್ಲಿ ಬದಲಾವಣೆಯಿದ್ದರೆ ಮೊದಲೇ ತಿಳಿಸಿ ಎಂದು ಅದರಲ್ಲಿತ್ತು. ಅವರು ಲಕೋಟೆಯನ್ನು ಡ್ರಾಯರಿಗೆ ಹಾಕಿ “ನೋಡೋಣ” ಎಂದಿದ್ದರು. ಅದೇ ವಾರ, ಹೇಳದೆ ಕೇಳದೆ, ಪ್ಯಾಕಿಂಗ್ ವಿಭಾಗವನ್ನು ಅವಳ ಕೋಣೆಗೇ ತಂದು ಹಾಕಿದರು. ಆಮೇಲೆ ಈ ವಿಚಿತ್ರಗಳು ಶುರುವಾದವು. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಪೆಟ್ಟಿಗೆಗಳ ತಳ್ಳುಗಾಡಿ ಅವಳ ಬೆನ್ನ ಹಿಂದಿನ ದಾರಿ ಬಿಟ್ಟು ಸುತ್ತಿ ಬಳಸಿ ಹೋಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಅವಳ ಮೇಜಿನ ಕಾಲುಗಳಡಿ ಯಾರೋ ರಬ್ಬರ್ ತುಂಡು ಸಿಕ್ಕಿಸಿದ್ದರು. ಪತ್ರ ಎಲ್ಲರ ಕೈ ದಾಟಿ ಬಂದಿದೆ, ತನ್ನನ್ನು ಸಾಗಹಾಕುವ ತಯಾರಿ ನಡೆದಿದೆ ಎಂದೇ ಅವಳ ಅನುಮಾನ.

ಹಿಂದಿನ ಸಂಜೆ ಮನೆಯಲ್ಲಿ ರಾಜೀನಾಮೆ ಬರೆದು ಮಡಚುತ್ತಿದ್ದಾಗ ಚಿಕ್ಕಮ್ಮ ನೋಡಿದ್ದಳು.

“ಒಬ್ಬಳೇ ಕೂತು ಕಥೆ ಕಟ್ಟಬೇಡ್ವೇ. ಹೋಗಿ ಅವರನ್ನೇ ಕೇಳು.”

“ಕೇಳಿದ್ರೆ ಸುಳ್ಳು ಹೇಳ್ತಾರೆ.”

“ಹೇಳಲಿ. ಬಿರುಕು ಕೇಳಿಸ್ಕೊಳ್ಳೋಳು ನೀನೇ ಅಲ್ವಾ?”

ಈಗ ರಾಜೀನಾಮೆ ಚೀಲದಲ್ಲಿತ್ತು. ಅವಳು ತನ್ನ ಮೇಜಿಗೆ ಹೋಗದೆ, ಎಲ್ಲರೂ ಅಕ್ಕ ಎಂದು ಕರೆಯುವ ಪ್ಯಾಕಿಂಗಿನ ಹಿರಿಯ ಹೆಂಗಸಿನ ಮುಂದೆ ನಿಂತಳು.

“ನನ್ನ ಬಗ್ಗೆ ಏನು ಮಾತಾಡ್ತಿದ್ರಿ?”

“ನಿನ್ನ ಬಗ್ಗೆನಾ? ನಮ್ಮ ಅಳಿಯನ ಗೊರಕೆ ಬಗ್ಗೆ ಕಣೇ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ರಂತೆ.”

“ಮತ್ತೆ ನಾನು ಬಂದ ತಕ್ಷಣ ಯಾಕೆ ನಿಲ್ಲಿಸಿದ್ರಿ?”

“ನಿಲ್ಲಿಸ್ದೆ ಇನ್ನೇನು ಮಾಡ್ಲಿ? ನಾವಿಲ್ಲಿಗೆ ಬಂದ ಹೊಸದ್ರಲ್ಲಿ, ರೇಡಿಯೊ ಹಾಡ್ತಿದ್ರೆ ನೀನು ಒಂದೇ ಕಪ್ಪನ್ನ ಮೂರು ಮೂರು ಸಲ ಬಡೀತಿದ್ದೆ. ಮಧ್ಯಾಹ್ನ ಆದ್ರೂ ಒಂದು ಪೆಟ್ಟಿಗೆ ಮುಗೀತಿರಲಿಲ್ಲ. ಪಾಪ, ಇವಳಿಗೆ ಕಪ್ಪಿನ ಸದ್ದು ಕೇಳಿಸ್ತಿಲ್ಲ ಅಂತ ಗೊತ್ತಾಯ್ತು.”

“ರಬ್ಬರ್ ಇಟ್ಟಿದ್ದು?”

“ನಾನೇ. ಮೊಮ್ಮಗಳ ಹಳೇ ಚಪ್ಪಲಿ ಕುಯ್ದು ಇಟ್ಟೆ. ತಳ್ಳುಗಾಡಿ ಹೋದಾಗೆಲ್ಲ ಮೇಜು ಅದುರ್ತಿತ್ತು. ಗಾಡೀನೂ ಅದಕ್ಕೇ ಸುತ್ತಿ ಬಳಸಿ ತರ್ತೀವಿ.”

“ಮ್ಯಾನೇಜರ್ ಹೇಳಿದ್ರಾ, ಹೀಗೆ ಮಾಡಿ ಅಂತ?”

“ಅವರಾ! ಹಣೆ ಮೇಲಿರೋ ಕನ್ನಡಕಾನೇ ಊರೆಲ್ಲ ಹುಡುಕ್ತಾರೆ.”

ಅವಳು ಅಕ್ಕನ ಮುಖ ನೋಡಲಿಲ್ಲ, ದನಿಯನ್ನಷ್ಟೇ ಕೇಳಿದಳು. ಎಲ್ಲೂ ಬಿರುಕಿರಲಿಲ್ಲ.

“ನನಗೆ ಹೇಳಬೇಕಿತ್ತು,” ಎಂದಳು. “ನೀವು ಸುಮ್ಮನಾದ್ರೆ ನನಗೆ ಭಯ ಆಗುತ್ತೆ. ಕೆಲಸದಿಂದ ತೆಗೀತಾರೆ ಅಂದ್ಕೊಂಡಿದ್ದೆ.”

ಅಕ್ಕನ ಕೈಯಲ್ಲಿದ್ದ ಕಾಗದ ಹಾಗೇ ನಿಂತಿತು. “ಅಯ್ಯೋ ನನ್ನ ಬುದ್ಧಿಗಿಷ್ಟು. ಹೇಳಿದ್ರೆ ನಿನಗೆ ಮುಜುಗರ ಅಂತ ಸುಮ್ಮನಿದ್ದೆ ಕಣೇ.”

ಹಾಗಾದರೆ ಪತ್ರ ಎಲ್ಲಿಗೆ ಹೋಯಿತು? ಅವಳು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಕೇಳಿದಳು. ಅವರು ಡ್ರಾಯರ್ ಎಳೆದು, ಮೂರು ಫೈಲುಗಳ ಅಡಿಯಿಂದ ಲಕೋಟೆ ತೆಗೆದರು. ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು.

“ಇವತ್ತೇ ಓದೋಣ ಅಂತಿದ್ದೆ ನೋಡಮ್ಮ,” ಎಂದರು. ಈ ದನಿಯ ಬಿರುಕು ಯಾರ ಕಿವಿಗಾದರೂ ಕೇಳುವಂತಿತ್ತು.

“ಈಗ ಓದಿ ಸಾರ್. ನಿಂತಿರ್ತೀನಿ.”

ಅವಳು ನಿಂತೇ ಇದ್ದಳು. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಮುಖ್ಯಸ್ಥರ ಜಾಗಕ್ಕೆ ನಾನೂ ಇದ್ದೀನಿ ಸಾರ್. ಒಂಬತ್ತು ವರ್ಷದ ಕೆಲಸ ನೋಡಿ ವರದಿ ಬರೀರಿ.”

“ಆಯ್ತಮ್ಮ, ನೋಡೋಣ.”

“ಯಾವತ್ತು?”

“ಏನು ಯಾವತ್ತು?”

“ನೋಡೋದು.”

ಅವರು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. “ಬುಧವಾರ…”

ಅವಳು ಅವರದೇ ಪೆನ್ನು ತೆಗೆದುಕೊಂಡು ಬುಧವಾರದ ಚೌಕದಲ್ಲಿ ‘ತಪಾಸಣೆ ಮುಖ್ಯಸ್ಥರ ಜಾಗ, ಹತ್ತು ಗಂಟೆ’ ಎಂದು ಬರೆದಳು. ಅವರ ಮಾತಿನ ಮೇಲೆ ಅವಳಿಗೆ ನಂಬಿಕೆ ಬಂದಿರಲಿಲ್ಲ. ರಾಜೀನಾಮೆಯನ್ನು ಹರಿಯಲಿಲ್ಲ, ಬುಧವಾರದವರೆಗೆ ಚೀಲದಲ್ಲೇ ಇರಲಿ ಎಂದುಕೊಂಡಳು.

ಮತ್ತೆ ಬಾಗಿಲು ತಳ್ಳಿದಾಗ ಒಳಗೆ ಹಾಡು ಕೇಳುತ್ತಿತ್ತು. ಅಕ್ಕ ರೇಡಿಯೊದ ಗುಂಡಿಯ ಮೇಲೆ ಕೈಯಿಟ್ಟು, ಇಡೀ ಕೋಣೆಗೆ ಕೇಳುವಂತೆ ಕೂಗಿದಳು:

“ರೇಡಿಯೊ ನಿಲ್ಲಿಸ್ತಾ ಇದ್ದೀನಿ ಕಣೇ! ನಿನಗೆ ಕಪ್ಪು ಕೇಳಿಸ್ಲಿ ಅಂತ! ಬೇರೆ ಏನೂ ಇಲ್ಲ!”

“ಆಯ್ತಕ್ಕ,” ಎಂದು ಅವಳು ಕಡ್ಡಿ ಕೈಗೆತ್ತಿಕೊಂಡಳು.