ಬಿಸಿಯಾಗುವ ತನಕ

ಅಣ್ಣ ಕೀಲಿ ತಿರುಗಿಸಿದ. ಲಾರಿ ಒಂದೆರಡು ಸಲ ಕೆಮ್ಮಿ, ಆಮೇಲೆ ಒಮ್ಮೆಲೇ ಸ್ಟಾರ್ಟ್ ಆಗಿ ಕಿರುಚತೊಡಗಿತು. ಆಕ್ಸಿಲರೇಟರ್ ಮೇಲೆ ಅವನ ಕಾಲೇ ಇರಲಿಲ್ಲ. ಆದರೂ ಇಂಜಿನ್ನಿನ ಸದ್ದು ಏರುತ್ತಲೇ ಹೋಗಿ, ಕಿಟಕಿಯ ಗಾಜು ಗಡಗಡ ನಡುಗಿ, ಹಿಂದಿನ ಹೊಗೆ ಮನೆಯ ಬಾಗಿಲೊಳಗೆ ನುಗ್ಗಿತು.

"ಆರಿಸು ಅಣ್ಣ, ಆರಿಸು! ಇಲ್ಲಾಂದ್ರೆ ಸದ್ದು ಇಳಿಯೋವರೆಗೆ ಹಾಗೇ ಬಿಡು. ಗೇರ್ ಮಾತ್ರ ಹಾಕ್ಬೇಡ," ತಂಗಿ ಕಿಟಕಿಯ ಹತ್ತಿರ ಓಡಿಬಂದು ಕೂಗಿದಳು.

"ನನಗೆ ಲಾರಿ ಓಡಿಸೋದು ಹೇಳ್ಕೊಡ್ತೀಯಾ? ದಿನಾ ಬಸ್ಸು ತುಂಬ ಜನ ತುಂಬ್ಕೊಂಡು ಓಡಾಡೋನು ನಾನು."

ಹಿಂದೆ, ಲಾರಿಯ ಹಲಗೆಯ ಮೇಲೆ ಅಪ್ಪನ ಶವಪೆಟ್ಟಿಗೆ ಇತ್ತು. ಅದರ ಪಕ್ಕದಲ್ಲಿ ಮಡಿಸಿದ ಗೋಣಿಚೀಲದ ಮೇಲೆ ಅಮ್ಮ ಕೂತಿದ್ದಳು. ಶವ ಸಾಗಿಸುವ ವ್ಯಾನು ಬೇಡವೇ ಬೇಡ ಎಂದು ಹಟ ಹಿಡಿದವಳು ಅವಳೇ. "ಜೀವಮಾನವೆಲ್ಲ ಈ ಲಾರಿಯಲ್ಲೇ ಓಡಾಡಿದಾರೆ. ಕೊನೆಗೆ ಬೇರೆಯವರ ಗಾಡಿ ಯಾಕೆ?" ಎಂದಿದ್ದಳು. ಊರಿನ ಅರ್ಧಕ್ಕರ್ಧ ಮನೆಗಳ ಬಾಗಿಲು, ಕಿಟಕಿ, ಮಂಚಗಳು ಬಡಗಿಯ ಅಂಗಡಿಯಿಂದ ಈ ಲಾರಿಯಲ್ಲೇ ಹೋಗಿದ್ದವು. ಪೆಟ್ಟಿಗೆಯನ್ನು ಮಾಡಿದವನೂ ಅದೇ ಬಡಗಿ.

ಮನೆಯ ಮುಂದಿನ ಗಲ್ಲಿ ಕಡಿದಾದ ಇಳಿಜಾರು. ಜನ ಆಗಲೇ ನಡೆಯಲು ಶುರುಮಾಡಿದ್ದರು. ಎಲ್ಲರಿಗಿಂತ ಹಿಂದೆ ಚಿಕ್ಕಪ್ಪ, ಮಫ್ಲರನ್ನು ಕಿವಿಗೆ ಬಿಗಿದು, ಕೋಲೂರುತ್ತ ಹೋಗುತ್ತಿದ್ದ.

"ಏನೂ ಆಗಲ್ಲಮ್ಮ," ಎಂದ ಅಪ್ಪನ ಹಳೇ ಗೆಳೆಯ. ಮೆಕ್ಯಾನಿಕ್ ಆದ ಅವನನ್ನು ಎಲ್ಲರೂ ನಟ್ಟು ಎಂದೇ ಕರೆಯುತ್ತಿದ್ದರು. "ಚಳೀಲಿ ಯಾವ ಇಂಜಿನ್ನಾದ್ರೂ ಮೊದಲು ಸ್ವಲ್ಪ ಜೋರಾಗಿ ಓಡುತ್ತೆ, ಆಮೇಲೆ ತಾನೇ ಇಳಿಯುತ್ತೆ. ನಿಮ್ಮಪ್ಪ ಆಸ್ಪತ್ರೆ ಸೇರಿದಾಗಿಂದ ಯಾರೂ ಮುಟ್ಟಿಲ್ಲ ನೋಡು, ಅದಕ್ಕೇ ಮುನಿಸು."

"ಇದು ದಿನದ ಸದ್ದಲ್ಲ ಮಾಮ. ಇವತ್ತು ಬೇರೆ ಥರ ಇದೆ."

"ಬೇರೆ ಥರ ಅಂದ್ರೆ?"

ಅವಳು ಬಟ್ಟೆ ಹೊಲಿಯುವವಳು. ಇಂಜಿನ್ನಿನ ಒಳಗೇನಿದೆ ಎಂದು ಅವಳಿಗೇನು ಗೊತ್ತು? ಸದ್ದಿನ ಅಡಿಯಲ್ಲೊಂದು ಸುಯ್ಯೆನ್ನುವ ಉಸಿರು ಕೇಳಿಸುತ್ತಿತ್ತು, ಅಷ್ಟೆ. ಅದು ತನ್ನ ಹೆದರಿಕೆಯೂ ಇರಬಹುದು.

"ಸಾಕು," ಎಂದ ಅಣ್ಣ. "ಕಾದಿದ್ದು ಸಾಕು. ಈ ಮನೇಲಿ ಹುಟ್ಟಿದಾಗಿಂದ ಕಾದಿದೀನಿ."

*

ಅಪ್ಪನಿಗೆ ಪೇಟೆಯಲ್ಲಿದ್ದ ಹೆಸರು ‘ಒಂದ್ನಿಮಿಷ’. ಚಳಿಗಾಲದ ಬೆಳಿಗ್ಗೆ ಯಾರು ಎಷ್ಟೇ ಅವಸರ ಮಾಡಲಿ, ಇಂಜಿನ್ನಿನ ಕೂಗು ಇಳಿದು ಗುರುಗುಡುವ ತನಕ ಅವನು ಗೇರ್ ಹಾಕುತ್ತಿರಲಿಲ್ಲ. "ಒಂದ್ನಿಮಿಷ," ಎನ್ನುತ್ತಿದ್ದ. ಬಾನೆಟ್ ಮೇಲೆ ಅಂಗೈ ಇಟ್ಟು, ಜ್ವರ ನೋಡುವವನ ಹಾಗೆ ನಿಲ್ಲುತ್ತಿದ್ದ. ಆ ಒಂದು ನಿಮಿಷದಲ್ಲಿ ಎರಡು ಸಲ ಚಹಾ ಕುಡಿಯಬಹುದು ಎಂದು ಬಡಗಿ ನಗಾಡುತ್ತಿದ್ದ.

ಅಣ್ಣನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಒಮ್ಮೆ ಬಂದರಿನಲ್ಲಿ ದೊಡ್ಡ ಕ್ರೇನ್ ನಡೆಸುವ ಕೆಲಸಕ್ಕೆ ಅವನನ್ನು ಕರೆದಿದ್ದರು. ಊರಿಗಿದ್ದದ್ದು ಒಂದೇ ರೈಲು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲಾರಿಯೊಳಗೆ ಕೂತಿದ್ದ. ಇಂಜಿನ್ನು ಕಿರುಚುತ್ತಿತ್ತು. ಅಪ್ಪ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದ.

"ಅಪ್ಪ, ರೈಲು!"

"ಒಂದ್ನಿಮಿಷ ಕಣೋ."

ಅಣ್ಣ ಬಾಗಿಲು ದಬ್ಬಿ ಇಳಿದು ಓಡಿದ. ಅವನು ನಿಲ್ದಾಣ ಮುಟ್ಟುವಾಗ ಕೊನೆಯ ಬೋಗಿಯ ಬೆನ್ನು ಕಾಣಿಸಿತಂತೆ. ಆ ಸಂಜೆ ಅವನು ಊಟದ ತಟ್ಟೆಯ ಮುಂದೆ ಕೂತು, "ನಿಮಗೆ ನನಗಿಂತ ಆ ಲಾರಿ ಹೆಚ್ಚು," ಎಂದ. ಅಂದಿನಿಂದ ಅಣ್ಣ ಆ ಲಾರಿ ಹತ್ತಿದವನಲ್ಲ, ಇವತ್ತಿನವರೆಗೆ.

*

ಅಣ್ಣ ಗೇರ್ ಹಾಕಿ ಹ್ಯಾಂಡ್ ಬ್ರೇಕ್ ಬಿಟ್ಟ. ಕ್ಲಚ್ಚಿನಿಂದ ಕಾಲು ತೆಗೆದನೋ ಇಲ್ಲವೋ, ಲಾರಿ ಯಾರೋ ಹಿಂದಿನಿಂದ ಒದ್ದ ಹಾಗೆ ಮುಂದಕ್ಕೆ ನೆಗೆಯಿತು.

ತಂಗಿ ಜೊತೆಯಲ್ಲೇ ಓಡಿದಳು. ಅಣ್ಣನ ಮೊಣಕಾಲು ಬ್ರೇಕ್ ಒತ್ತುವುದು ಕಂಡಿತು. ಒತ್ತಿದ, ಎದ್ದು ನಿಂತಂತೆ ಮಾಡಿ ಮತ್ತೆ ಒತ್ತಿದ.

"ಬ್ರೇಕ್ ಕಲ್ಲಾಗಿದೆ, ಒತ್ತೋಕೇ ಆಗ್ತಿಲ್ಲ! ಸರೀರಿ! ಸರೀರಿ!"

"ಚಿಕ್ಕಪ್ಪಾ!" ಅವಳು ಗಂಟಲು ಹರಿಯುವಂತೆ ಕೂಗಿದಳು. ಮಫ್ಲರ್ ಬಿಗಿದ ಕಿವಿಗೆ ಅದು ಕೇಳಲಿಲ್ಲ. ಮುಂದಿದ್ದವರು ಗೋಡೆಗಳಿಗೆ ಅಂಟಿಕೊಂಡರು. ಚಿಕ್ಕಪ್ಪ ಮಾತ್ರ ದಾರಿಯ ನಡುವೆ, ಕೋಲು ಊರಿ ಎತ್ತಿ, ಊರಿ ಎತ್ತಿ ಇಳಿಯುತ್ತಲೇ ಇದ್ದ. ಹಿಂದೆ ಅಮ್ಮ ಎರಡೂ ಕೈಯಿಂದ ಪೆಟ್ಟಿಗೆಯನ್ನು ತಬ್ಬಿದ್ದಳು. ಪೆಟ್ಟಿಗೆ ಅವಳನ್ನೂ ಎಳೆದುಕೊಂಡು ಜಾರಿ ಕ್ಯಾಬಿನ್ನಿನ ಬೆನ್ನಿಗೆ ಧಡ್ ಎಂದು ಬಡಿಯಿತು.

ಸರಕು ಸಾಗಿಸುವವರು ಲಾರಿ ನಿಲ್ಲಿಸಬೇಕಾದರೆ ಹಿಂದಿನಿಂದ ಬಡಿಯುವುದು ಹೀಗೆಯೇ.

ಅಣ್ಣ ಕೀಲಿ ತಿರುಗಿಸಿ ಇಂಜಿನ್ ಆರಿಸಿದ, ಹ್ಯಾಂಡ್ ಬ್ರೇಕನ್ನು ಕಿತ್ತುಬರುವಂತೆ ಎಳೆದ, ಸ್ಟಿಯರಿಂಗನ್ನು ಮೈಯೆಲ್ಲ ಭಾರ ಹಾಕಿ ಗೋಡೆಯ ಕಡೆ ತಿರುಗಿಸಿದ. ಬಂಪರ್ ಕಲ್ಲಿನ ಗೋಡೆಯನ್ನು ಕೆರೆಯುತ್ತ ಹೋಗಿ ನಿಂತಿತು. ಒಂದು ಕಲ್ಲು ಉರುಳಿ ಚಿಕ್ಕಪ್ಪನ ಹಿಮ್ಮಡಿಗೆ ತಾಗಿತು. ಆಗ ಅವನು ಹಿಂತಿರುಗಿ ನೋಡಿದ.

ಚಿಕ್ಕಪ್ಪ ಲಾರಿಯ ಮೂತಿಯನ್ನೂ ತನ್ನ ಕಾಲನ್ನೂ ನೋಡಿಕೊಂಡ. "ಒಬ್ಬನೇ ಹೋಗೋಕೆ ಬೇಜಾರು ಅಂತ ನಮ್ಮಣ್ಣ ನನ್ನನ್ನೂ ಕರೆದನೇನೋ," ಎಂದ. ಯಾರೂ ನಗಲಿಲ್ಲ.

ತಂಗಿ ಹಿಂದಿನಿಂದ ಹತ್ತಿ ಅಮ್ಮನನ್ನು ಎಬ್ಬಿಸಿದಳು. ಮೊಣಕೈ ತರಚಿತ್ತು. "ನಂಗೇನಾಗಿಲ್ಲ," ಎಂದಳು ಅಮ್ಮ. "ಅವರಿಗೇನಾದ್ರೂ ಆಯ್ತಾ ನೋಡು." ಆಮೇಲೆ ತಾನಾಡಿದ ಮಾತು ತನಗೇ ಕೇಳಿಸಿದಂತೆ, ಸೆರಗಿನಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು.

ನಟ್ಟು ಬಾನೆಟ್ ಎತ್ತಿ, ತಲೆ ಒಳಗಿಟ್ಟು ತಡಕಾಡಿ, ಬೆರಳಿನಷ್ಟು ದಪ್ಪದ ರಬ್ಬರ್ ಕೊಳವೆಯೊಂದನ್ನು ಬಗ್ಗಿಸಿ ತೋರಿಸಿದ. ಅದು ಉದ್ದಕ್ಕೆ ಸೀಳಿತ್ತು. ಮೇಲೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಒಣಗಿ ಬಿಚ್ಚಿಕೊಂಡಿತ್ತು.

"ಇಲ್ಲಿ ನೋಡಿ. ಈ ಬಿರುಕಿಂದ ಇಂಜಿನ್ ಬೇಡದ ಗಾಳಿ ಎಳ್ಕೊಳ್ತಾ ಇದೆ. ಅದಕ್ಕೇ ಆ ಕಿರುಚಾಟ. ಬ್ರೇಕಿಗೆ ಬಲ ಕೊಡೋದೂ ಇದೇ ಪೈಪು. ಬಿಸಿಯಾದ್ರೆ ರಬ್ಬರ್ ಹಿಗ್ಗಿ ಬಿರುಕು ಮುಚ್ಕೊಳ್ತಿತ್ತು. ಇವತ್ತು ಪೂರ್ತಿ ಹರಿದಿದೆ." ಅವನು ತಂಗಿಯ ಮುಖ ನೋಡಲಿಲ್ಲ. "ನನ್ನದೂ ತಪ್ಪಾಯ್ತಮ್ಮ. ತೆಗೆದು ನೋಡಬೇಕಿತ್ತು."

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಪಟ್ಟಿ ಸುತ್ತಿದ್ನಾ? ಹೋದ ಚಳಿಗಾಲದಲ್ಲೇ ಹೊಸ ಪೈಪ್ ಕೊಟ್ಟಿದ್ದೆ. ನಾನೇ ಹಾಕ್ತೀನಿ ಬಿಡು ಅಂದ. ಹಾಕಿದಾನೆ ಅಂದ್ಕೊಂಡಿದ್ದೆ."

ಅದು ಸೀಟಿನ ಕೆಳಗಿನ ಡಬ್ಬಿಯಲ್ಲಿ, ಸ್ಪ್ಯಾನರುಗಳ ನಡುವೆ, ಕವರ್ ಕೂಡ ಒಡೆಯದೆ ಇತ್ತು. ಅದನ್ನು ಹಿಡಿದು ನಿಂತ ತಂಗಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಅಪ್ಪ ದಿನಾ ನನ್ನನ್ನ ಇದರಲ್ಲೇ ಕೂರಿಸ್ಕೊಂಡು ಹೋಗ್ತಿದ್ರಲ್ಲ ಮಾಮ!"

"ಬಿಸಿಯಾಗದೆ ಹೊರಡ್ತಿರಲಿಲ್ಲವಲ್ಲಮ್ಮ."

"ಬಿಸಿಯಾದ ಮೇಲೂ ಮುಚ್ಕೊಳ್ಳದ ದಿನ ಬಂದಿದ್ರೆ?"

ನಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ಲಿಪ್ ಸಡಿಲಿಸತೊಡಗಿದ.

*

ತಂಗಿ ಗಂಡನ ಮನೆ ಬಿಟ್ಟ ಬೆಳಿಗ್ಗೆಯೂ ಹೀಗೇ ಚಳಿಯಿತ್ತು. ಹಿಂದಿನ ದಿನ ಬಂದಿದ್ದ ಅಪ್ಪ ಲಾರಿಯಲ್ಲೇ ಮಲಗಿದ್ದ. ಅವಳು ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ತಂದು ಹಾಕಿ, ಹತ್ತಿ ಕೂತು ಬಾಗಿಲು ಎಳೆದುಕೊಂಡಳು. ಅಪ್ಪ ಸ್ಟಾರ್ಟ್ ಮಾಡಿದ. ಇಂಜಿನ್ನಿನ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು.

"ಹೋಗೋಣ ಅಪ್ಪ. ಅವರು ಏಳೋದ್ರೊಳಗೆ ಹೋಗಿಬಿಡೋಣ."

"ಒಂದ್ನಿಮಿಷ."

ಗಂಡ ಬನಿಯನ್ನಿನಲ್ಲೇ ಗೇಟಿಗೆ ಬಂದ. ಅವಳ ಕೈ ತಾನಾಗಿಯೇ ಕೆನ್ನೆಯ ಕಪ್ಪು ಕಲೆಯನ್ನು ಮುಚ್ಚಿಕೊಂಡಿತು.

"ನಿಮ್ಮ ಕಾಲಿಗೆ ಬೀಳ್ತೀನಿ ಅಪ್ಪ, ನಡೀರಿ!"

ಅಪ್ಪ ಇಳಿದುಹೋಗಿ ಬಾನೆಟ್ ಮೇಲೆ ಕೈಯಿಟ್ಟು ನಿಂತ. ಗೇಟಿನ ಕಡೆ ಮುಖ ಮಾಡಿ ನಿಂತ. ಬಯ್ಯಲಿಲ್ಲ, ಕೈ ಎತ್ತಲಿಲ್ಲ, ಸುಮ್ಮನೆ ನೋಡಿದ. ಗಂಡನ ಬಾಯಿ ಅಲ್ಲಾಡುತ್ತಿತ್ತು. ಇಂಜಿನ್ನಿನ ಅಬ್ಬರದಲ್ಲಿ ಅವನ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಕೂಗು ನಿಧಾನಕ್ಕೆ ಇಳಿಯಿತು. ಸದ್ದು ಅಡಗುವ ಹೊತ್ತಿಗೆ ಅವನ ಬಾಯಿಯೂ ಮುಚ್ಚಿತ್ತು. ಅಪ್ಪ ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡು, "ಓಡಿಹೋಗೋ ಅಂಥ ಕೆಲಸ ಏನು ಮಾಡಿದೀವಿ ನಾವು?" ಎಂದ. ಆಮೇಲೆ ಗೇರ್ ಹಾಕಿದ.

*

ಹೊಸ ಕೊಳವೆ ಕೂತಿತು. ಪೆಟ್ಟಿಗೆಯನ್ನು ಈ ಸಲ ಹಗ್ಗದಿಂದ ಬಿಗಿದರು. ಅಮ್ಮನನ್ನು ಕ್ಯಾಬಿನ್ನಿನಲ್ಲಿ ಕೂರಿಸಿದರು. ಅಣ್ಣ ಹತ್ತಲು ಹಿಂಜರಿದ.

"ನೀವೇ ಓಡಿಸಿ ಮಾಮ. ನನ್ನ ಕೈಲಾಗಲ್ಲ."

"ಹತ್ತಪ್ಪ," ಎಂದಳು ಅಮ್ಮ ಒಳಗಿನಿಂದ. "ನೀನೇ ಹತ್ತು."

ಇಂಜಿನ್ ಈಗಲೂ ಮೊದಲಿಗೆ ಸ್ವಲ್ಪ ಜೋರಾಗಿಯೇ ಕೂಗಿತು. ಚಳಿಗೆ ಇಷ್ಟು ಇರಲೇಬೇಕು ಎಂದ ನಟ್ಟು. ಬೇಗನೆ ಕೂಗು ಇಳಿದು ಹದಕ್ಕೆ ಬಂತು. ಅಣ್ಣ ಬ್ರೇಕ್ ಒತ್ತಿ ನೋಡಿದ, ಬಿಟ್ಟು ಮತ್ತೆ ಒತ್ತಿದ. ಪೆಡಲ್ ಮೆತ್ತಗೆ ಇಳಿಯಿತು. ಆದರೂ ಅವನು ಹೊರಡಲಿಲ್ಲ. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತ ಕೂತೇ ಇದ್ದ. ಮುಂದೆ ನಿಂತವರಲ್ಲಿ ಯಾರೂ ಅವಸರ ಮಾಡಲಿಲ್ಲ. ಚಿಕ್ಕಪ್ಪ ಮಫ್ಲರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೊನೆಗೆ ಲಾರಿ ಆಳು ನಡೆಯುವಷ್ಟೇ ನಿಧಾನವಾಗಿ ಗಲ್ಲಿ ಇಳಿದು, ಆಚೆಯ ಏರು ಹತ್ತಿತು.

ಸ್ಮಶಾನದ ಕಲ್ಲುಹಾಸಿನ ಮೇಲೆ ಲಾರಿ ನಿಲ್ಲಿಸಿ ಪೆಟ್ಟಿಗೆ ಇಳಿಸುವಾಗ ಸಣ್ಣಗೆ ಹನಿಯಲು ಶುರುವಾಯಿತು. ಮಣ್ಣು ಮುಚ್ಚಿ ಮುಗಿಯುವ ತನಕ ಹನಿಯುತ್ತಲೇ ಇತ್ತು. ಜನ ಒಬ್ಬೊಬ್ಬರಾಗಿ ಹಿಂದೆ ಹತ್ತಿಕೊಂಡರು. ಅಣ್ಣ ಬಾಗಿಲು ತೆರೆದು ಹಿಡಿದು, "ಅಮ್ಮ, ಬಾ," ಎಂದ.

"ನೀವು ನಡೀರಿ. ನಾನು ಇವಳ ಜೊತೆ ನಡ್ಕೊಂಡು ಬರ್ತೀನಿ."

ಲಾರಿ ಸದ್ದಿಲ್ಲದೆ ಗೇಟು ದಾಟಿತು. ಅದು ನಿಂತಿದ್ದ ಜಾಗದಲ್ಲಿ, ಒದ್ದೆಯಾಗಿ ಕಪ್ಪಾದ ಕಲ್ಲುಗಳ ನಡುವೆ, ಲಾರಿಯಷ್ಟೇ ಉದ್ದ, ಲಾರಿಯಷ್ಟೇ ಅಗಲದ ಒಣ ನೆಲ ಬೆಳ್ಳಗೆ ಉಳಿದಿತ್ತು. ಅದನ್ನು ತುಳಿಯಲು ಹೊರಟಿದ್ದ ಮಗಳನ್ನು ಅಮ್ಮ ರಟ್ಟೆ ಹಿಡಿದು ತಡೆದಳು. ಇಬ್ಬರೂ ಅಂಚಿನಲ್ಲಿ ನಿಂತರು. ಬೆಳ್ಳನೆಯ ನೆಲದ ಮೇಲೆ ಮೊದಲ ಹನಿಗಳು ಅಲ್ಲೊಂದು ಇಲ್ಲೊಂದು ಬಿದ್ದು, ಅದೂ ಕಪ್ಪಾಗತೊಡಗಿತು.