ಟವೆಲ್ಲಿನ ಆನೆ

ನನ್ನ ಹೆಂಡತಿ ಮೂವತ್ತು ವರ್ಷ ಹೋಟೆಲ್ ರೂಮುಗಳಲ್ಲಿ ಹಾಸಿಗೆ ಹಾಸಿ, ಅತಿಥಿಗಳಿಗೆಂದು ಟವೆಲ್ಲಿನಲ್ಲಿ ಹಂಸ ಮಡಿಸಿಟ್ಟವಳು. ಇನ್ನಾದರೂ ಬೇರೆಯವರು ಇವಳ ಸೇವೆ ಮಾಡಲಿ ಅಂತ, ನಿವೃತ್ತಿಯಾದ ವಾರವೇ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋದೆ. ನನ್ನ ಗ್ರಹಚಾರ!

ಮೊದಲ ದಿನ ಬಫೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು ರೂಮಿಗೆ ಬಂದರೆ, ಹಾಸಿಗೆಯ ಮೇಲೆ ಟವೆಲ್ಲಿನ ಹಂಸ ಕೂತಿತ್ತು. ಇವಳು ಮುಖ ಸಿಂಡರಿಸಿದಳು.

"ಕತ್ತು ನೋಡ್ರೀ, ಜ್ವರ ಬಂದ ಕೋಳಿ ಥರ ಇದೆ!" ಎಂದವಳೇ ಅದನ್ನು ಬಿಚ್ಚಿ ಮೊಲ ಮಾಡಿಟ್ಟಳು.

ರೂಮಿನ ಕೆಲಸದವನೂ ಹಟಮಾರಿ. ಮರುದಿನ ಅಲ್ಲಿ ಕೋತಿ ನೇತಾಡುತ್ತಿತ್ತು. ಇವಳು ನವಿಲು ಮಾಡಿದಳು. ಅವನು ಮೊಸಳೆ ಮಾಡಿದ. ಸಮುದ್ರ ನೋಡೋಣ ಬಾರೇ ಅಂದರೆ, "ಇರಿ, ಬಾಲ ಸರಿಯಾಗಿ ಕೂರ್ತಿಲ್ಲ" ಅನ್ನುತ್ತಿದ್ದಳು.

ಕೊನೆಯ ಸಂಜೆ ಸ್ನಾನ ಮುಗಿಸಿ ನೋಡಿದರೆ ಮೈ ಒರೆಸಲು ಒಂದು ಚೂರು ಬಟ್ಟೆಯಿಲ್ಲ. ಇದ್ದಬದ್ದ ಟವೆಲ್ಲುಗಳೆಲ್ಲ ಸೇರಿ ಹಾಸಿಗೆಯ ಮೇಲೆ ಆನೆಯಾಗಿದ್ದವು. ನಾನು ಸೊಂಡಿಲಿಗೆ ಕೈ ಹಾಕಿದೆ.

"ಮುಟ್ಟಿದ್ರೆ ನೋಡಿ! ಅವನು ಬಂದು ಸೋಲು ಒಪ್ಕೊಳ್ಳಲಿ, ಆಮೇಲೆ ಒರೆಸ್ಕೊಳ್ಳಿ."

ಅಷ್ಟರಲ್ಲಿ ಅವನೇ ಬಾಗಿಲು ಬಡಿದ. ನಾನು ಗಾಬರಿಯಿಂದ ಬಿಳಿ ಹೊದಿಕೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತೆ.

ಒಳಬಂದವನು ಆನೆಯನ್ನು ನೋಡಿ ಸುಮ್ಮನೆ ತಲೆಯಾಡಿಸಿದ. ಆಮೇಲೆ ನನ್ನ ಮುಂದೆ ಬಂದು ನಿಂತು, ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟ.

"ಆನೆ ನಾನೂ ಮಾಡ್ತೀನಮ್ಮ. ಆದರೆ ಈ ಕರಡಿಗೆ ಮಾತ್ರ ಸೋತೆ."