ಹೆಂಗಸರ ಕೋಣೆಯ ಕಿಂಡಿ

ಸಿನಿಮಾ ಶುರುವಾಗಿ ಇನ್ನೂ ಹೆಸರುಗಳೇ ಮುಗಿದಿರಲಿಲ್ಲ, ಕೊರಲ್ ಮೊಣಕೈಯಿಂದ ನನ್ನನ್ನು ತಿವಿದಳು.

"ಕಿಂಡಿ ಬಂತೇನೇ ನೆರಿ?"

"ಇನ್ನೂ ಇಲ್ಲ. ಸ್ವಲ್ಪ ತಡ್ಕೋ."

ಕೊರಲ್‌ಗೆ ಮೂರು ವರ್ಷಗಳಿಂದ ಕಣ್ಣು ಸರಿಯಿಲ್ಲ. ನಡುವೆ ಎಲ್ಲ ಕಪ್ಪು, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಕಿವಿ ಕಾಣುತ್ತದೆ ಎಂದು ತಾನೇ ತಮಾಷೆ ಮಾಡುತ್ತಾಳೆ. ಆದ್ದರಿಂದ ಆ ಮಧ್ಯಾಹ್ನ ನಮ್ಮ ಬಾಲ್ಮೇನ್ ಪೇಟೆಯ ಚಿತ್ರಮಂದಿರದಲ್ಲಿ ನಾನೇ ಅವಳ ಕಣ್ಣು. ಮುದುಕರಿಗೆಂದೇ ಇಟ್ಟ ಆಟ ಅದು. ಟಿಕೆಟ್ಟಿನ ಜೊತೆ ಚಹಾ, ಒಂದು ಲ್ಯಾಮಿಂಗ್ಟನ್ ಕೇಕು. ಆಟ ಮುಗಿದ ಮೇಲೆ ನಿರ್ದೇಶಕ ವೇದಿಕೆಗೆ ಬಂದು ನೋಡಿದವರ ಅಭಿಪ್ರಾಯ ಕೇಳುತ್ತಾನೆ ಎಂದು ಬಾಗಿಲಲ್ಲೇ ಬರೆದು ಹಾಕಿದ್ದರು.

ಸಿನಿಮಾ ನಮ್ಮ 'ಬಂದರಿನ ಕಾಗೆ'ಗಳ ಮೇಲೆ. ಅರವತ್ತೈದನೇ ಇಸವಿಯಲ್ಲಿ ನಾಲ್ಕು ಜನ ಹುಡುಗರು ಕಟ್ಟಿಕೊಂಡ ಗುಂಪು ಅದು. ಅವರು ಬರೆದ ಪದ್ಯಗಳನ್ನು ನಾನು ಆಫೀಸಿನ ಯಂತ್ರದಲ್ಲಿ ಕದ್ದು ಟೈಪು ಮಾಡಿ ಕೊಡುತ್ತಿದ್ದೆ, ಅವರು ಹಡಗುಕಟ್ಟೆಯಲ್ಲಿ ನಿಂತು ಹಂಚುತ್ತಿದ್ದರು. ಒಂದು ಪದ್ಯ ಅಶ್ಲೀಲ ಎಂದು ಪೊಲೀಸರು ಬಂದರು. ಕ್ಷಮೆ ಕೇಳಿದರೆ ಬಿಡುತ್ತೇನೆ ಎಂದ ನ್ಯಾಯಾಧೀಶರಿಗೆ, ನಾಲ್ವರಲ್ಲಿ ಒಬ್ಬನಾದ ಕೆಲ್ ಬ್ರಾನಿಗನ್ ಆ ಪದ್ಯವನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದಿ ಜೈಲಿಗೆ ಹೋದ. ಅದನ್ನು ಓದಿದರೆ ಮಕ್ಕಳು ಕೆಡುತ್ತಾರೆ ಎಂದಿದ್ದ ಸರ್ಕಾರವೇ ಈಗ ಅದನ್ನು ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಿದೆ.

ಕಾಗೆಗಳು ಸೇರುತ್ತಿದ್ದದ್ದು 'ನೀಲಿ ಲಂಗರು' ಎಂಬ ಪಬ್ಬಿನಲ್ಲಿ. ಆಗ ಹೆಂಗಸರು ಬಾರಿನೊಳಗೆ ಕಾಲಿಡುವಂತಿರಲಿಲ್ಲ. ನಮಗೆ ಪಕ್ಕದಲ್ಲೊಂದು ಕೋಣೆ, ಅದರ ಗೋಡೆಯಲ್ಲೊಂದು ಕಿಂಡಿ. ಬಾರಿನಲ್ಲಿ ಒಬ್ಬೊಬ್ಬರು ಒಂದೊಂದು ಸರದಿ ಎಲ್ಲರಿಗೂ ಕುಡಿಸಬೇಕು. ಸರದಿ ಬಂದವನು ನಮ್ಮ ಚಿಕ್ಕ ಗ್ಲಾಸುಗಳನ್ನು ಕಿಂಡಿಯಿಂದ ಈಚೆಗೆ ತಳ್ಳಬೇಕು. ಕ್ಲಾರಿ ಮನ್ರೋ ಎಂಬವನು ಮಾತ್ರ ತನ್ನ ಸರದಿಯಲ್ಲಿ ನಮ್ಮನ್ನು ತಪ್ಪದೆ ಮರೆಯುತ್ತಿದ್ದ. ಆ ಕಿಂಡಿಗೆ ಕಿವಿ ಹಚ್ಚಿ ನಿಂತೇ ನಾವು ಅವರ ಪದ್ಯಗಳನ್ನೆಲ್ಲ ಕೇಳಿದ್ದು. ಅಲ್ಲಿಂದ ಕಾಣುತ್ತಿದ್ದದ್ದು ಮುಖದ ಅರ್ಧ ಮಾತ್ರ. "ಮೊದ್ಲು ಆರು ತಿಂಗ್ಳು ನಾನು ಪ್ರೀತಿಸಿದ್ದು ಬರೀ ಒಂದು ಗಲ್ಲಾನ" ಎಂದು ಕೊರಲ್ ಈಗಲೂ ಹೇಳುತ್ತಾಳೆ. ಆಮೇಲೆ ಆ ಗಲ್ಲದ ಜೊತೆಗೇ ಸಂಸಾರ ಮಾಡಿದಳು. ಕೆಲ್ ಕುಡಿದು ಕುಡಿದು ಹಾಸಿಗೆ ಹಿಡಿದಾಗ ಅವನನ್ನು ನೋಡಿಕೊಂಡವಳು, ಅವನ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳೇ.

ಹೋದ ವರ್ಷ ಈ ಸಿನಿಮಾದ ನಿರ್ದೇಶಕ, ಇನ್ನೂ ಮೀಸೆ ಬಲಿಯದ ಹುಡುಗ, ಕೊರಲ್‌ಳ ಮನೆಗೆ ಬಂದಿದ್ದ. ಎರಡು ಮಧ್ಯಾಹ್ನ ಅವಳು ಮಾಡಿದ ಬಿಸ್ಕತ್ತು ತಿನ್ನುತ್ತಾ ಕಥೆ ಕೇಳಿಕೊಂಡು ಹೋದ. ಅವಳು ಅವನಲ್ಲಿ ಕೇಳಿದ್ದು ಒಂದೇ. ನನ್ನನ್ನು ತೋರಿಸದಿದ್ದರೂ ಚಿಂತೆಯಿಲ್ಲ, ಕಿಂಡಿಯೊಂದನ್ನು ತೋರಿಸಪ್ಪ ಎಂದು. ಹುಡುಗ ತಲೆಯಾಡಿಸಿದ್ದ. ಅಂದಿನಿಂದ ಅವಳಿಗೆ ಅದೇ ಜಪ.

ತೆರೆಯ ಮೇಲೆ ನೀಲಿ ಲಂಗರು ಬಂತು. ಕಂದು ಬಣ್ಣದ ಹೆಂಚು, ಹೊಗೆ, ಬಿಯರಿನ ನೊರೆ, ಎಲ್ಲ ಎಷ್ಟು ಚೆನ್ನಾಗಿತ್ತೆಂದರೆ ಆ ಕಾಲದ ವಾಸನೆಯೂ ಮೂಗಿಗೆ ಬಡಿದ ಹಾಗಾಯಿತು. ಮರುಕ್ಷಣವೇ ಮೈ ಉರಿಯಿತು. ನಡುವಿನ ಗೋಡೆಯೇ ಇರಲಿಲ್ಲ. ಕಿಂಡಿಯೂ ಇರಲಿಲ್ಲ. ಹೆಂಗಸರು ಬಾರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ದೊಡ್ಡ ಗ್ಲಾಸು ಹಿಡಿದು, ಗಂಡಸರ ಹೆಗಲಿಗೆ ಒರಗಿ ನಗುತ್ತಿದ್ದರು. ಕೆಲ್‌ನ ಪಕ್ಕದಲ್ಲಿ ಕೊರಲ್ ಬದಲು ಯಾರೋ ಡಾಕ್ಟರ ಮಗಳಂತೆ, ಕಾರು ಬೇರೆ ಇದೆಯಂತೆ. ಮದುವೆಗೆ ಕರೆದು ಎಲೆ ಹಾಕದೆ ಕಳಿಸಿದ ಹಾಗಾಯಿತು.

"ಹೆಂಗಸ್ರ ನಗು ಯಾಕೆ ಇಷ್ಟು ಹತ್ರ ಕೇಳ್ತಿದೆ?" ಎಂದಳು ಕೊರಲ್.

"ಕಿಂಡಿ ತೆಗ್ದಿದೆ ಅಲ್ವಾ, ಅದಕ್ಕೆ" ಎಂದುಬಿಟ್ಟೆ.

ಅವಳ ಕೈ ನನ್ನ ಕೈಯನ್ನು ಹಿಡಿಯಿತು. ಒಂದು ಸಲ ಸುಳ್ಳಿನ ಬಾಗಿಲು ತೆಗೆದ ಮೇಲೆ ಮುಚ್ಚುವುದು ಹೇಗೆ? ಕಿಂಡಿಗೆ ಮರದ ಚೌಕಟ್ಟು ಇದೆ, ನಮ್ಮದರ ಹಾಗೇ ಮೂಲೆ ಸವೆದಿದೆ ಎಂದೆ. ಅದರಾಚೆ ಒಬ್ಬಳು ಹುಡುಗಿ ನಿಂತಿದ್ದಾಳೆ, ಮಾತಾಡುವುದಿಲ್ಲ, ಸುಮ್ಮನೆ ಕೇಳುತ್ತಾಳೆ, ಹಸಿರು ಸ್ವೆಟರ್ ಹಾಕಿದ್ದಾಳೆ, ಅವಳು ನೀನೇ ಎಂದೆ. ಹಸಿರು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ ಬಾಯಿ ಮೇಲೆ ಬೆರಳಿಟ್ಟಳು. ನಾನೂ ಅವಳತ್ತ ನೋಡಿ ಹಾಗೇ ಬೆರಳಿಟ್ಟೆ.

ದೀಪ ಹತ್ತಿದಾಗ ಚಪ್ಪಾಳೆ ಬಿತ್ತು. ನಿರ್ದೇಶಕನ ಜೊತೆ ವೇದಿಕೆಗೆ ಬಂದವನು, ಕಾಗೆಗಳಲ್ಲಿ ಉಳಿದ ಒಬ್ಬನೇ ಒಬ್ಬ, ಕ್ಲಾರಿ. ಮೂರು ವಾರಗಳಿಂದ ರೇಡಿಯೋದಲ್ಲಿ ಕೂತು ಈ ಸಿನಿಮಾ ಹೊಗಳಿದ್ದೇ ಹೊಗಳಿದ್ದು. ಅದರಲ್ಲಿ ಅವನ ಪಾತ್ರ ಮಾಡಿದವನು ಅಷ್ಟು ಚೆಲುವ.

ಅಭಿಪ್ರಾಯಗಳು ಶುರುವಾದವು. ಜುಟ್ಟು ಕಟ್ಟಿದ ಮುದುಕನೊಬ್ಬ ಎದ್ದು, ಕಟಕಟೆಯ ದೃಶ್ಯದಲ್ಲಿ ಹೊರಗೆ ನಿಂತ ಕಾರು ಆ ವರ್ಷದ್ದಲ್ಲ, ಎರಡು ವರ್ಷ ಆಮೇಲೆ ಬಂದದ್ದು ಎಂದ. ಸಿನಿಮಾದಲ್ಲಿ ಅವನು ನೋಡಿದ್ದು ಅದೊಂದೇ ಇರಬೇಕು. ನಿವೃತ್ತ ಟೀಚರಮ್ಮ ಒಬ್ಬರಿಗೆ ಪದ್ಯ ಕಡಿಮೆಯಾಯಿತು, ಹಾಸಿಗೆ ಜಾಸ್ತಿಯಾಯಿತು. ಇನ್ನೊಬ್ಬಾಕೆಗೆ ಹಾಸಿಗೆ ಪರವಾಗಿಲ್ಲ, ಬೈಗುಳ ಜಾಸ್ತಿಯಾಯಿತು. ಕಾಲೇಜು ಹುಡುಗಿಯೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು, ಆ ಕಾಲದ ಹೆಂಗಸರು ಎಷ್ಟು ಸ್ವತಂತ್ರವಾಗಿದ್ದರು, ಕವಿಗಳ ಸರಿಸಮ ಕೂತು ಕುಡಿಯುತ್ತಿದ್ದರು, ತನಗೆ ಹೊಟ್ಟೆಕಿಚ್ಚಾಗುತ್ತದೆ ಎಂದಳು. ನಿರ್ದೇಶಕ ಎದೆಯ ಮೇಲೆ ಕೈಯಿಟ್ಟುಕೊಂಡ. ಕ್ಲಾರಿ ಗಂಭೀರವಾಗಿ ತಲೆಯಾಡಿಸಿದ.

ಆಗ ಪಕ್ಕದಲ್ಲಿ ಕೊರಲ್ ಕೈ ಎತ್ತಿದಳು. ನಾನು ಆ ಕೈ ಎಳೆದೆ. ಅವಳು ಬಿಡಿಸಿಕೊಂಡು ಎದ್ದು ನಿಂತಳು. ಈಗ ಇಡೀ ಸಭೆಯ ಮುಂದೆ ಇವಳು ನಗೆಪಾಟಲಾಗುತ್ತಾಳೆ, ಅದಕ್ಕೆ ಕಾರಣ ನಾನು.

"ಕಿಂಡಿ ತೋರ್ಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಪ್ಪ" ಎಂದಳು ಕೊರಲ್. "ಕಿಂಡಿ ಹತ್ರ ನಿಂತಿದ್ದ ಹಸಿರು ಸ್ವೆಟರ್ ಹುಡುಗೀನೂ ತೋರ್ಸಿದೀಯ. ನೀನು ಮಾತು ಉಳಿಸ್ಕೊಂಡೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಯಾವ ಕಿಂಡಿ ಎಂದು ಒಬ್ಬರನ್ನೊಬ್ಬರು ಕೇಳಿದರು. ಕಾಲೇಜು ಹುಡುಗಿ ತಿರುಗಿ, ಅಂಥದ್ದೇನೂ ಇರಲಿಲ್ಲವಲ್ಲ ಎಂದು ಮೆಲ್ಲಗೆ ಅಂದಳು. ನಿರ್ದೇಶಕನ ಕಿವಿ ಕೆಂಪಾಯಿತು. ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಬರಲಿ ಎಂದು ಗೋಡೆ ತೆಗೆಸಿದ್ದೇನೋ ನಿಜ ಎಂದು ತೊದಲಿ, ದಿಕ್ಕು ತೋಚದೆ ಕ್ಲಾರಿಯತ್ತ ನೋಡಿದ.

ಕ್ಲಾರಿ ಮೈಕು ಕೈಗೆತ್ತಿಕೊಂಡ.

"ಕಿಂಡಿ ಇತ್ತು" ಎಂದ. "ಹೆಂಗಸ್ರೆಲ್ಲ ಅದರ ಆಚೆ ಕಡೆ ಇದ್ರು. ಒಂದು ಪದ್ಯಕ್ಕೋಸ್ಕರ ಜೈಲಿಗೆ ಹೋದ ಗುಂಪು ನಮ್ದು. ಆದ್ರೆ ಆ ಗೋಡೆ ಯಾಕಿದೆ ಅಂತ ಒಬ್ನೂ ಒಂದಿನಾನೂ ಕೇಳ್ಲಿಲ್ಲ."

ಅವನು ಕಣ್ಣು ಕಿರಿದು ಮಾಡಿಕೊಂಡು ನಮ್ಮ ಸಾಲಿನತ್ತ ನೋಡಿ, ಅದು ಕೊರಲ್ ತಾನೇ ಎಂದು ಕೇಳಿದ. ಹೌದು, ಪಕ್ಕದಲ್ಲಿ ನೆರಿನೂ ಇದ್ದಾಳೆ, ನಮ್ಮಿಬ್ಬರ ಗ್ಲಾಸು ಇನ್ನೂ ಬಂದಿಲ್ಲ ಎಂದಳು ಕೊರಲ್. ಆಗ ಇಡೀ ಸಭೆ ನಕ್ಕಿತು. ಕ್ಲಾರಿ ನಗಲಿಲ್ಲ, ಮೈಕು ಕೆಳಗಿಟ್ಟ.

ಹೊರಗೆ ಬಸ್ಸಿನ ತಂಗುದಾಣದ ಬೆಂಚಿನ ಮೇಲೆ ಕೂತೆವು. ಬೆಟ್ಟದ ಕೆಳಗೆ ಬಂದರಿನ ನೀರು ಮಿರುಗುತ್ತಿತ್ತು, ದೋಣಿ ಸಿಳ್ಳು ಹಾಕುತ್ತಿತ್ತು. ನಾನು ಸುಳ್ಳು ಹೇಳಿದೆ ಕಣೇ ಎಂದೆ.

"ಗೊತ್ತು. ಗೋಡೆ ಆಚೆ ನಗು ಹೆಂಗೆ ಕೇಳತ್ತೆ ಅಂತ ನಂಗೆ ಗೊತ್ತಿಲ್ವಾ?"

"ಮತ್ತೆ ಎದ್ದು ನಿಂತು ಥ್ಯಾಂಕ್ಸ್ ಯಾಕೆ ಹೇಳ್ದೆ?"

"ಇಲ್ಲ ಅಂತ ಬೈದಿದ್ರೆ, ಮುದುಕಿ ಗೊಣಗ್ತಾಳೆ ಅಂತ ಚಹಾಕ್ಕೆ ಹೋಗ್ಬಿಡ್ತಿದ್ರು. ಇದೆ ಅಂದಿದ್ದಕ್ಕೆ ನೋಡು, ಎಲ್ಲ ಹುಡುಕೋಕೆ ಶುರು ಮಾಡಿದ್ರು." ಚೀಲದಿಂದ ಕಾಗದದಲ್ಲಿ ಸುತ್ತಿದ ಲ್ಯಾಮಿಂಗ್ಟನ್ ತೆಗೆದು ಮುರಿದು, ಅರ್ಧ ನನಗೆ ಕೊಟ್ಟಳು. "ಆದ್ರೆ ಹಸಿರು ಸ್ವೆಟರ್ ನಂದಲ್ಲ ಕಣೇ. ನಿಂದು. ನಿಮ್ಮಮ್ಮ ಹೆಣೆದು ಕೊಟ್ಟಿದ್ಳಲ್ಲ, ಒಂದು ತೋಳು ಉದ್ದ. ನನ್ನನ್ನ ನಿಲ್ಲಿಸ್ತೀನಿ ಅಂತ ಹೋಗಿ ನಿನ್ನನ್ನೇ ನಿಲ್ಲಿಸ್ದೆ."

ಆ ಸ್ವೆಟರ್ ನೆನಪಾಯಿತು. ಎಡ ತೋಳನ್ನು ಮಡಚಿಕೊಂಡು, ಇವಳ ಹಿಂದೆ ತುದಿಗಾಲಲ್ಲಿ ನಿಂತು, ಅದೇ ಕಿಂಡಿಯಿಂದ ಅದೇ ಕೆಲ್‌ನ ದನಿಯನ್ನು ಕೇಳುತ್ತಿದ್ದ ಹುಡುಗಿ ನೆನಪಾದಳು. ಅವಳ ಬಗ್ಗೆ ಈ ಅರವತ್ತು ವರ್ಷಗಳಲ್ಲಿ ಯಾರೂ ವಿಚಾರಿಸಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ದುಃಖ ಉಕ್ಕಿ ಬಂತು. ಕೊರಲ್ ಬಂದರಿನ ಕಡೆ ಮುಖ ಮಾಡಿ ಕೂತಿದ್ದಳು. ಹೇಗೂ ಇವಳಿಗೆ ಕಾಣುವುದಿಲ್ಲ ಎಂದು ತೋಳಿನಿಂದ ಕಣ್ಣೊರೆಸಿಕೊಂಡೆ.

"ಅಳ್ಬೇಡ್ವೇ" ಎಂದಳು ಅವಳು, ಮುಖ ತಿರುಗಿಸದೆ. "ನೀನು ಅಂಚಲ್ಲಿ ಕೂತಿದೀಯ. ನಂಗೆ ಕಾಣ್ತಿದೆ."